ಪದಚರ್ಚೆ: ಸೈಕಲ್ ಫೋರ್ಕ್‌ನ ‘ಟ್ರಾವೆಲ್‌’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿರುವ ನಾವು ಏಳೆಂಟು ಕನ್ನಡಿಗರು ಭಾನುವಾರ ಬೆಳಿಗ್ಗೆ ವೇತಾಳ ಟೇಕಡಿ ಅನ್ನುವ ಗುಡ್ಡದಲ್ಲಿ ಮೌಂಟನ್ ಬೈಕ್ ಓಡಿಸುತ್ತೇವೆ. ಅರ್ಧ ಜನ ಮೈಸೂರು ಕಡೆಯವರು, ಉಳಿದವರು ವಿಜಯಪುರ, ಬೆಳಗಾವಿ ಕಡೆಯವರು. ಹೊಸಬರಿಗೆ ಫೋರ್ಕ್ ಆರಿಸಿಕೊಳ್ಳುವ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯೋಣ ಅಂತ ಕೂತೆ. ‘ಟ್ರಾವೆಲ್’ ಅನ್ನುವ ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಸೈಕಲ್ಲಿನ ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕವಲೇ ಫೋರ್ಕ್. ಇಲ್ಲಿನ ಮರಾಠಿ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಚಿಮಟಾ. ಸಸ್ಪೆನ್ಷನ್ ಇರುವ ಫೋರ್ಕ್‌ನಲ್ಲಿ ಕೊಳವೆಯೊಳಗೆ ಕೊಳವೆ ಜಾರುತ್ತದೆ. ಒಳಗೆ ಸ್ಪ್ರಿಂಗ್ ಅಥವಾ ಗಾಳಿ ಇರುತ್ತದೆ. ಕಲ್ಲಿಗೆ ಬಡಿದಾಗ ಕೊಳವೆ ಹೆಚ್ಚೆಂದರೆ ಎಷ್ಟು ಒಳಗೆ ಹೋಗಬಲ್ಲದೋ ಆ ಅಳತೆಯೇ ಟ್ರಾವೆಲ್. ಏರು, ಇಳಿಜಾರು ಎರಡರಲ್ಲೂ ಓಡಿಸುವ ಕ್ರಾಸ್‌ಕಂಟ್ರಿ ಸೈಕಲ್ಲಿಗೆ ಸುಮಾರು 100 ಮಿ.ಮೀ., ಇಳಿಜಾರಿಗೆಂದೇ ಮಾಡಿದ ಡೌನ್‌ಹಿಲ್ ಸೈಕಲ್ಲಿಗೆ 200. ಇದನ್ನು ಸುಮ್ನೆ ‘ಪ್ರಯಾಣ’ ಅಂತ ಬರೆದರೆ ಯಾರಿಗೆ ಅರ್ಥವಾದೀತು?

ಮೊದಲು ‘ಇಳಿತ’ ಅಂತ ಬರೆದೆ. ಆದರೆ ಗುಡ್ಡದಲ್ಲಿ ಓಡಿಸುವವರಿಗೆ ಇಳಿತ ಅಂದರೆ ಇಳಿಜಾರು. ‘ಇಳಿತಕ್ಕೆ ಇಳಿತ ಜಾಸ್ತಿ ಇರಲಿ’ ಅಂತ ಒಂದು ವಾಕ್ಯ ಬಂತು, ಅಲ್ಲಿಗೆ ಆ ಪದ ಬಿಟ್ಟೆ.

ಆಮೇಲೆ ಸಿಕ್ಕಿದ್ದು ‘ಕುಗ್ಗು’. ಇದು ನನಗೆ ತುಂಬಾ ಇಷ್ಟವಾಯಿತು. ಚಿಕ್ಕ ಪದ, ಎಲ್ಲರಿಗೂ ಗೊತ್ತಿರುವ ಪದ. ‘140 ಮಿ.ಮೀ. ಕುಗ್ಗಿನ ಫೋರ್ಕ್’ ಅಂದರೆ ಕಿವಿಗೂ ಸರಿ ಅನ್ನಿಸುತ್ತದೆ. ತೊಡಕು ಬಂದದ್ದು ಟ್ರಾವೆಲ್ ಬದಲಿಸಬಹುದಾದ ಫೋರ್ಕ್‌ಗಳ ಪುಟದಲ್ಲಿ. ರಾಕ್‌ಶಾಕ್ಸ್ ಕಂಪನಿಯ ಹಳೆಯ ಪೈಕ್ ಯು-ಟರ್ನ್ ಫೋರ್ಕ್ ಇದೆಯಲ್ಲ, ಅದರ ಮೇಲಿನ ನಾಬ್ ತಿರುಗಿಸುತ್ತಾ ಹೋದರೆ ಕೊಳವೆ ಅಷ್ಟು ಒಳಗೇ ಸರಿದು ನಿಂತು ಟ್ರಾವೆಲ್ 140ರಿಂದ 95ರವರೆಗೆ ಇಳಿಯುತ್ತದೆ. ಫಾಕ್ಸ್ ಕಂಪನಿಯ ಟಾಲಾಸ್ ಫೋರ್ಕ್ ಗಾಳಿಯಿಂದ ಇದೇ ಕೆಲಸ ಮಾಡುತ್ತದೆ. ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಮೇಲೇಳುತ್ತದೆ, ಅತ್ತಿತ್ತ ಅಲೆಯುತ್ತದೆ. ಟ್ರಾವೆಲ್ ಇಳಿಸಿದರೆ ಹ್ಯಾಂಡಲ್ ಕೆಳಗೆ ಬರುತ್ತದೆ, ಭಾರ ಮುಂದಕ್ಕೆ ಬೀಳುತ್ತದೆ, ಚಕ್ರ ನೆಲ ಬಿಡುವುದಿಲ್ಲ. ಪೆಡಲ್ ಕೂಡ ತಗ್ಗುವುದರಿಂದ ಕಲ್ಲಿಗೆ ತಾಗದಂತೆ ನೋಡಿಕೊಳ್ಳಬೇಕು, ಅಷ್ಟೆ.

ಅಂದರೆ ಟ್ರಾವೆಲ್ ಕಡಿಮೆಯಾದಾಗ ಫೋರ್ಕ್ ತಾನೇ ಗಿಡ್ಡವಾಗುತ್ತದೆ. ನನ್ನ ಕನ್ನಡದಲ್ಲಿ ಅದು ‘ಕುಗ್ಗು ಕಡಿಮೆ ಮಾಡಿದರೆ ಫೋರ್ಕ್ ಕುಗ್ಗುತ್ತದೆ’ ಅಂತಾಯಿತು! ನಮ್ಮ ಗುಂಪಿನ ಹುಡುಗನೊಬ್ಬ ಓದಿ ಕೇಳಿದ: “ಅಣ್ಣಾ, ಕುಗ್ಗು ಕಡಿಮೆ ಅಂದ್ರೆ ಫೋರ್ಕ್ ಎತ್ತರಕ್ಕೇ ನಿಲ್ಲುತ್ತೆ ಅಲ್ವಾ?” ಅವನು ಓದಿದ್ದರಲ್ಲಿ ತಪ್ಪಿಲ್ಲ. ಹಾಗಾಗಿ ಟ್ರಾವೆಲ್‌ಗೆ ಮಾತ್ರ ‘ಕುಗ್ಗು’, ಉದ್ದ ಕಡಿಮೆಯಾಗುವುದಕ್ಕೆ ‘ಗಿಡ್ಡವಾಗು’ ಅಂತ ಈಗ ಬೇರೆ ಮಾಡಿದ್ದೇನೆ. ನಿಲ್ಲುತ್ತದೆ ಅನ್ನಿಸುತ್ತದೆಯೇ?

ಇನ್ನೊಂದು ಪದ ‘ಸ್ಯಾಗ್’. ನಾವು ಸೈಕಲ್ ಮೇಲೆ ಕೂತಾಗ ನಮ್ಮ ಭಾರಕ್ಕೇ ಫೋರ್ಕ್ ಒಂದಿಷ್ಟು ಒಳಗೆ ಹೋಗುತ್ತದೆ. ಕಾಲುಭಾಗ ಅಂತ ಇಟ್ಟುಕೊಂಡರೆ 140ರಲ್ಲಿ 35 ಮಿ.ಮೀ. ಟ್ರಾವೆಲ್ ಬದಲಿಸಿದ ಮೇಲೆ ಇದನ್ನೂ ಮತ್ತೆ ಅಳೆದು ನೋಡಬೇಕು, ಅದಕ್ಕೇ ಬೇರೆ ಪದ ಬೇಕು. ಕಾಯಿಯ ಭಾರಕ್ಕೆ ಮಾವಿನ ಕೊಂಬೆ ಜಗ್ಗುತ್ತದಲ್ಲ, ಹಾಗೆ ಇದಕ್ಕೆ ‘ಜಗ್ಗು’ ಅಂತ ನನ್ನ ಮನಸ್ಸು. ಆದರೆ ವಿಜಯಪುರದ ಗೆಳೆಯರಿಗೆ ಜಗ್ಗು ಅಂದರೆ ಮೊದಲು ಹೊಳೆಯುವುದು ಎಳೆಯುವುದು. ‘ತಗ್ಗು’ ಅನ್ನೋಣವೆಂದರೆ ಅವರಿಗೆ ಅದು ರಸ್ತೆಯ ಗುಂಡಿ.

ಉತ್ತರ ಕರ್ನಾಟಕದವರು ದಯವಿಟ್ಟು ಹೇಳಿ: ‘ಫೋರ್ಕಿನ ಜಗ್ಗು 35 ಮಿ.ಮೀ.’ ಅಂತ ಓದಿದರೆ ನಿಮಗೆ ಏನು ತೋರುತ್ತದೆ? ಎತ್ತಿನ ಗಾಡಿ, ಹಗ್ಗದ ಮಂಚ, ತೊಟ್ಟಿಲು ಇವುಗಳ ವಿಷಯದಲ್ಲಿ ಭಾರಕ್ಕೆ ಕೆಳಗೆ ಬರುವುದಕ್ಕೆ ನಿಮ್ಮ ಮನೆಯಲ್ಲಿ ಬೇರೆ ಮಾತಿದ್ದರೆ ಅದನ್ನೂ ಬರೆಯಿರಿ.