ಗೋಡೆಯ ಮೇಲಿನ ಕಣ್ಣು

ಕಾಫಿ ಫ್ಲಾಸ್ಕಿನ ಮೇಲಿನ ಗೋಡೆಗೆ ನಾಣಿ ಎರಡು ಕಣ್ಣು ಅಂಟಿಸಿದ್ದ. ಬರೀ ಕಣ್ಣು. ಮೂಗಿಲ್ಲ, ಬಾಯಿಲ್ಲ. ಕೆಳಗೊಂದು ಹಳೇ ಡಬ್ಬಿ, ಅದರ ಮೇಲೆ ‘ಲೋಟಕ್ಕೆ 10 ರೂಪಾಯಿ’ ಅಂತ ಚೀಟಿ.

“ಯಾರಿಗಪ್ಪ ದೃಷ್ಟಿ ಆಗಿರೋದು?” ಎಂದರು ಪದ್ಮಕ್ಕ.

“ದೃಷ್ಟಿ ಅಲ್ಲ ಪದ್ಮಕ್ಕ, ಸೈಕಾಲಜಿ! ಇಂಗ್ಲೆಂಡಿನ ನ್ಯೂಕ್ಯಾಸಲ್ ಯೂನಿವರ್ಸಿಟಿ ಕಾಫಿ ರೂಮಲ್ಲಿ ಒಂದು ವಾರ ಹೂವಿನ ಚಿತ್ರ, ಒಂದು ವಾರ ಕಣ್ಣಿನ ಚಿತ್ರ ಹಾಕಿ ನೋಡಿದರು. ಕಣ್ಣಿದ್ದ ವಾರ ಡಬ್ಬಿಗೆ ಹೆಚ್ಚುಕಮ್ಮಿ ಮೂರರಷ್ಟು ದುಡ್ಡು ಬಿತ್ತು. 2006ರಲ್ಲೇ ಬರೆದಿದ್ದಾರೆ.”

ನಾಣಿಗೆ ಇದು ಆರು ತಿಂಗಳ ಜ್ವರ. ಬೆಳಗ್ಗೆ ಮೊಬೈಲಲ್ಲಿ ಒಂದು ವಿಡಿಯೋ ನೋಡುತ್ತಾನೆ, ಸಂಜೆ ನಮಗೆ ಬಡಿಸುತ್ತಾನೆ. ಮನುಷ್ಯ ಯಾಕೆ ಕದಿಯುತ್ತಾನೆ, ಯಾಕೆ ಸುಳ್ಳು ಹೇಳುತ್ತಾನೆ, ಎಲ್ಲಕ್ಕೂ ಅವನ ಹತ್ತಿರ ಒಂದು ಪ್ರಯೋಗ ಇರುತ್ತದೆ. ಚಿಲ್ಲರೆ ಮಾತ್ರ ಇರುವುದಿಲ್ಲ.

“ಅದ್ಯಾಕೋ ನೀಲಿ ಕಣ್ಣು?” ಸುಬ್ಬಣ್ಣ ಕನ್ನಡಕ ಏರಿಸಿ ನೋಡಿದ. “ನೀಲಿ ಕಣ್ಣಿಗೆ ಹೆದರೋ ಕಾಲ 1947ಕ್ಕೇ ಮುಗೀತು. ನಮ್ಮ ಬೀದಿ ಕಾಂಪೌಂಡಿಗೆ ದೇವರ ಟೈಲ್ಸ್ ಹಾಕಿಸಿದ್ದೀವಲ್ಲ, ಅಂಥದ್ದು ಹಾಕು.”

“ಅದರಿಂದ ಜನ ಸುಧಾರಿಸಿದರಾ?” ಎಂದರು ಪದ್ಮಕ್ಕ.

“ಸುಧಾರಿಸಿದರು,” ಎಂದೆ. “ಈಗ ಟೈಲ್ಸ್ ಮುಗಿಯೋ ಜಾಗದವರೆಗೂ ತಡ್ಕೊಂಡು ಹೋಗ್ತಾರೆ. ಭಕ್ತಿ ಅಂದ್ರೆ ಎಂಟು ಹೆಜ್ಜೆ.”

“ಹಾಗಾದ್ರೆ ದಂಡ ಹಾಕೋಣ,” ಎಂದ ಸುಬ್ಬಣ್ಣ.

ನಾಣಿ ಕಾದೇ ಇದ್ದ. “ಇಸ್ರೇಲಿನ ಹೈಫಾದಲ್ಲಿ ಹಾಕಿ ನೋಡಿದ್ದಾರೆ! ಶಿಶುವಿಹಾರದಿಂದ ಮಕ್ಕಳನ್ನ ತಡವಾಗಿ ಕರ್ಕೊಂಡು ಹೋಗೋ ಅಪ್ಪ-ಅಮ್ಮಂದಿರಿಗೆ ದಂಡ. ತಡ ಮಾಡೋರು ಜಾಸ್ತಿಯಾದರು! ದಂಡ ತೆಗೆದ ಮೇಲೂ ಕಮ್ಮಿಯಾಗಲಿಲ್ಲ.”

“ಆಗದೆ ಇನ್ನೇನು? ಮುಂಚೆ ಟೀಚರ್ ಮುಖ ನೋಡೋಕೆ ನಾಚಿಕೆ ಆಗ್ತಿತ್ತು. ಈಗ ಕೈಯಲ್ಲಿ ರಸೀದಿ ಇದೆ.”

ನಾಣಿ ಸೋಲಲಿಲ್ಲ. ಫಾರಂ ತುಂಬುವ ಮುಂಚೆಯೇ ‘ನಿಜ ಹೇಳುತ್ತೇನೆ’ ಅಂತ ಸಹಿ ಹಾಕಿಸಿದರೆ ಜನ ಸುಳ್ಳು ಬರೆಯುವುದಿಲ್ಲವಂತೆ. 2012ರ ಸಂಶೋಧನೆ. ಕಾರಿನ ಇನ್ಶೂರೆನ್ಸ್ ಫಾರಂಗಳ ಲೆಕ್ಕವೇ ಸಾಕ್ಷಿ.

ಇದು ನನಗೆ ಗೊತ್ತಿತ್ತು. ಹಬ್ಬದ ಖುಷಿಯಲ್ಲಿ ಹೇಳಿದೆ: “ಅದನ್ನ 2021ರಲ್ಲಿ ವಾಪಸ್ ತಗೊಂಡರು ಕಣೋ. ಆ ಲೆಕ್ಕವೇ ಕಟ್ಟುಕತೆ. ಒಂದೇ ಪಟ್ಟಿಯಲ್ಲಿ ಅರ್ಧ ಅಂಕಿ ಒಂದು ಫಾಂಟು, ಇನ್ನರ್ಧ ಇನ್ನೊಂದು ಫಾಂಟು!”

“ಅಯ್ಯೋ,” ಎಂದರು ಪದ್ಮಕ್ಕ. “ಪ್ರಾಮಾಣಿಕತೆ ಬಗ್ಗೆ ಬರೆದಿದ್ದರಲ್ಲೇ ಸುಳ್ಳಾ?”

“ಅವರ ಗೋಡೆ ಮೇಲೆ ಕಣ್ಣು ಇರಲಿಲ್ಲ ಅನ್ಸುತ್ತೆ. ಅದಿರಲಿ ನಾಣಿ, ಈ ವಾರ ಡಬ್ಬಿಗೆ ನೀನೆಷ್ಟು ಹಾಕಿದೆ?”

“ಪ್ರಯೋಗ ಮಾಡೋನು ಪ್ರಯೋಗದ ಒಳಗೆ ಬರಬಾರದು,” ಎಂದ, ಗಂಭೀರವಾಗಿ.

ನಮ್ಮಮ್ಮ ಸಾಸಿವೆ ಡಬ್ಬಿಯಲ್ಲಿ ದುಡ್ಡಿಡುತ್ತಿದ್ದಳು. ಐಸ್‌ಕ್ಯಾಂಡಿಗೆ ಅಂತ ನಾನು ಅದರಲ್ಲಿ ನಾಲ್ಕಾಣೆ ಎತ್ತಿದ್ದು ಎಷ್ಟು ಸಲವೋ. ಅವಳೇನೂ ಅನ್ನುತ್ತಿರಲಿಲ್ಲ, ಸುಮ್ನೆ ನೋಡುತ್ತಿದ್ದಳು. ಕೊನೆಗಾಲಕ್ಕೆ ಎರಡೂ ಕಣ್ಣಿಗೆ ಪೊರೆ ಬಂತು. ಆಗ ನನಗೆ ಐವತ್ತು. ತಿಂಗಳ ಮೊದಲ ದಿನ ಅವಳಿಗೆ ಗೊತ್ತಾಗದ ಹಾಗೆ ಆ ಡಬ್ಬಿಗೆ ಒಂದಿಷ್ಟು ನೋಟು ತುರುಕುತ್ತಿದ್ದೆ. ಮುಚ್ಚಳದ ಸದ್ದಿಗೇ ನಡುಮನೆಯಿಂದ ಕೇಳುತ್ತಿದ್ದಳು, “ಎಷ್ಟು ತಗೊಂಡೆಯೋ?”

“ತಗೊಳ್ತಿಲ್ಲಮ್ಮ, ಇಡ್ತಿದ್ದೀನಿ.”

ಒಂದು ಸಲವೂ ನಂಬಲಿಲ್ಲ.

ಇದನ್ನು ಹೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾಣಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ ಎಣಿಸಿದ.

“ಇವತ್ತು ನಾಲ್ಕು ಲೋಟ. ಮೂವತ್ತೇ ರೂಪಾಯಿ ಇದೆಯಲ್ರೋ!”

ಮೂರು ಜೊತೆ ಕಣ್ಣು ಅವನ ಕಡೆ ತಿರುಗಿದವು. ನಾಲ್ಕನೆಯ ಜೊತೆ ಮೊದಲಿಂದಲೂ ಅವನನ್ನೇ ನೋಡುತ್ತಿತ್ತು.