ಅಪ್‌ಡೇಟ್: ಟ್ರೇಲರ್ ಆಕ್ಸಲ್ ಯಾವುದು ಅಂತ ತಿಳಿಯಿತು, ಬ್ರೇಕ್ ಕೂಡ ಹಾಕಿದೆ

ಟೆಕ್ಸಾಸ್‌ನಲ್ಲಿ ಕೊಂಡ ಹಳೆಯ ಎರಡು ಆಕ್ಸಲ್ ಟ್ರೇಲರ್‌ನ ಲೇಬಲ್ ಅಳಿಸಿಹೋಗಿದೆ, ಯಾವ ಎಲೆಕ್ಟ್ರಿಕ್ ಬ್ರೇಕ್ ಹಾಕಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ನೀವು ಹೇಳಿದಂತೆ ಅಳೆದು ನೋಡಿದೆ. ಆಕ್ಸಲ್ ಪೈಪ್‌ನ ಹೊರ ವ್ಯಾಸ ಸುಮಾರು 2.375 ಇಂಚು. ಚಕ್ರಕ್ಕೆ 5 ಬೋಲ್ಟ್, 4.5 ಇಂಚಿನ ವೃತ್ತದಲ್ಲಿ. ಎರಡೂ 3,500 ಪೌಂಡ್ ತೂಕ ಹೊರುವ ಆಕ್ಸಲ್‌ನ ಗುರುತುಗಳು. ಆದರೂ ಹಬ್ (ಚಕ್ರ ಕೂರುವ ಭಾಗ) ಬಿಚ್ಚಿ ಬೇರಿಂಗ್ ನಂಬರ್ ನೋಡಿದ ಮೇಲೇ ನನಗೆ ಸಮಾಧಾನವಾದದ್ದು: ಒಳಗಿನದು ಎಲ್68149, ಹೊರಗಿನದು ಎಲ್44649. ಇವು ಅದೇ 3,500 ಪೌಂಡ್ ಆಕ್ಸಲ್‌ನವು. ಟೈರ್, ಸ್ಪ್ರಿಂಗ್‌ಗಳ ಮೇಲಿನ ತೂಕದ ಮಿತಿಯನ್ನೂ ನೋಡಿ. ಎಲ್ಲಕ್ಕಿಂತ ಕಡಿಮೆ ಇರುವುದೇ ನಿಜವಾದ ಮಿತಿ, ಅಲ್ವಾ?

12 ಇಂಚಿನ ಬ್ರೇಕ್ ಜಾಸ್ತಿ ಹಿಡಿಯುತ್ತದೆ ಎಂದು ಒಬ್ಬರು ಬರೆದಿದ್ದರು. ಅದಕ್ಕೆ ಆಕ್ಸಲ್ ಮೇಲೆ 5 ಬೋಲ್ಟಿನ ಫ್ಲ್ಯಾಂಜ್ (ಬ್ರೇಕ್ ಕೂರಿಸುವ ತಟ್ಟೆ) ಬೇಕು, ನನ್ನದು 4 ಬೋಲ್ಟಿನದು. ಹಾಗಾಗಿ 10 ಇಂಚು ವ್ಯಾಸ, 2¼ ಇಂಚು ಅಗಲದ್ದನ್ನೇ ತಂದೆ. ಶೂ (ಡ್ರಮ್‌ಗೆ ಉಜ್ಜಿ ನಿಲ್ಲಿಸುವ ಭಾಗ), ಅದನ್ನು ಒತ್ತಿಸುವ ವಿದ್ಯುತ್ ಮ್ಯಾಗ್ನೆಟ್ ಬಿಡಿಬಿಡಿಯಾಗಿ ಕೊಳ್ಳದೆ ಪೂರ್ತಿ ಜೋಡಿಸಿದ ಪ್ಲೇಟ್ ತಗೊಳ್ಳಿ, ಕೆಲಸ ಎಷ್ಟೋ ಸುಲಭ. ಎಡಬಲ ಅದಲುಬದಲಾಗಬಾರದು: ಚಿಕ್ಕ ಲೈನಿಂಗ್ ಇರುವ ಶೂ ಮುಂದಕ್ಕೆ ಬರಬೇಕು. ಮ್ಯಾಗ್ನೆಟ್‌ನ ಎರಡು ವೈರ್‌ಗಳಲ್ಲಿ ಯಾವುದನ್ನು ಎಲ್ಲಿಗೆ ಕೊಟ್ಟರೂ ಸರಿ, ಆದರೆ ಗ್ರೌಂಡ್ ಗಟ್ಟಿಯಾಗಿರಲಿ.

ಹೊಸ ಶೂ ತಕ್ಷಣ ಪೂರ್ತಿ ಹಿಡಿಯುವುದಿಲ್ಲ. ಖಾಲಿ ರಸ್ತೆಯಲ್ಲಿ 40 ಮೈಲಿ ವೇಗದಿಂದ 20ಕ್ಕೆ, ಮತ್ತೆ ಮತ್ತೆ ಇಳಿಸಿದೆ. ಈಗ ಚೆನ್ನಾಗಿ ನಿಲ್ಲುತ್ತಿದೆ. ನಾಳೆ ಗಾಡಿಯಲ್ಲಿರುವ ಬ್ರೇಕ್ ಕಂಟ್ರೋಲರ್‌ನ ಗೇನ್ (ಬ್ರೇಕ್ ಎಷ್ಟು ಬಲವಾಗಿ ಹಿಡಿಯಬೇಕು ಎಂಬ ಸೆಟ್ಟಿಂಗ್) ಮತ್ತೊಮ್ಮೆ ಹೊಂದಿಸುತ್ತೇನೆ.