ಜಾಯ್‌ಸ್ಟಿಕ್ ಇಲ್ಲದೆ ಡಿಸಿಎಸ್: ಇಷ್ಟೊಂದು ಕೀ ಕಲಿಯೋದು ಹೇಗೆ?

ಬಾಲಂಗೋಚಿ ಕೇಳಿದ್ದು:
ಡಿಸಿಎಸ್ ವರ್ಲ್ಡ್ (ಯುದ್ಧವಿಮಾನ ಹಾರಿಸುವ ಕಂಪ್ಯೂಟರ್ ಆಟ) ಇನ್‌ಸ್ಟಾಲ್ ಆಗಿದೆ. ಅದರ ಜೊತೆ ಉಚಿತವಾಗಿ ಬರುವ ಸು-25ಟಿ ದಾಳಿ ವಿಮಾನ ಹಾರಿಸಬೇಕು. ಜಾಯ್‌ಸ್ಟಿಕ್ ಸದ್ಯಕ್ಕಿಲ್ಲ, ಲ್ಯಾಪ್‌ಟಾಪ್, ಅದರಲ್ಲಿ ನಂಬರ್ ಪ್ಯಾಡ್ ಕೂಡ ಇಲ್ಲ. ಕಂಟ್ರೋಲ್ಸ್ ಪುಟ ತೆರೆದರೆ ಪಟ್ಟಿಗೆ ತುದಿ ಮೊದಲಿಲ್ಲ. ಯಾವುದನ್ನು ಮೊದಲು ಕಲಿಯಲಿ? ಬಾಣದ ಕೀ ಒತ್ತಿದರೆ ವಿಮಾನ ಕುಡಿದವರ ಹಾಗೆ ಓಲಾಡುತ್ತದೆ. ಒಟ್ಟಿಗೆ ಮೂರು ಕೀ ಒತ್ತಿದರೆ ಒಂದು ಕೆಲಸವನ್ನೇ ಮಾಡುವುದಿಲ್ಲ. ಗೊತ್ತಿರುವವರು ದಾರಿ ತೋರಿಸಿ.

ಟ್ಯಾಕ್ಸಿವೇ:
ಪಟ್ಟಿ ಬಾಯಿಪಾಠ ಮಾಡಲು ಹೋಗಲೇಬೇಡಿ. ಹಾರಾಟ ಯಾವ ಕ್ರಮದಲ್ಲಿ ನಡೆಯುತ್ತದೋ ಆ ಕ್ರಮದಲ್ಲೇ ಕೀಗಳನ್ನು ಕಲಿಯಿರಿ. ಒಂದು ಹಂತಕ್ಕೆ ಎಂಟು ಹತ್ತು ಕೀ ಸಾಕು. ಅದು ಕೈಗೆ ಕೂತ ಮೇಲೆ ಮುಂದಿನದು.

ಮೊದಲ ಹಂತ ಎಂಜಿನ್ ಚಾಲೂ ಮಾಡುವುದು. ರೈಟ್ ಶಿಫ್ಟ್ + ಎಲ್ ಒತ್ತಿದರೆ ವಿದ್ಯುತ್ ಬರುತ್ತದೆ. ಲೆಫ್ಟ್ ಕಂಟ್ರೋಲ್ + ಸಿ ಕ್ಯಾನಪಿ (ಪೈಲಟ್ ತಲೆ ಮೇಲಿನ ಗಾಜಿನ ಮುಚ್ಚಳ) ಮುಚ್ಚುತ್ತದೆ. ಥ್ರಾಟಲ್ (ಎಂಜಿನ್ ಬಲ ಏರಿಸಿ ಇಳಿಸುವ ಹಿಡಿ) ಪೂರ್ತಿ ಕೆಳಗಿದೆಯೇ ನೋಡಿಕೊಂಡು ರೈಟ್ ಆಲ್ಟ್ + ಹೋಮ್ ಒತ್ತಿ ಎಡ ಎಂಜಿನ್, ಅದರ ಆರ್‌ಪಿಎಂ ಮುಳ್ಳು ನಿಂತ ಮೇಲೆ ರೈಟ್ ಕಂಟ್ರೋಲ್ + ಹೋಮ್ ಒತ್ತಿ ಬಲ ಎಂಜಿನ್. ಎರಡೂ ಒಟ್ಟಿಗೆ ಬೇಕೆಂದರೆ ರೈಟ್ ಶಿಫ್ಟ್ + ಹೋಮ್. ನಿಲ್ಲಿಸಲು ರೈಟ್ ಶಿಫ್ಟ್ + ಎಂಡ್. ಎಂಜಿನ್ ಏಳದಿದ್ದರೆ ಮೊದಲು ಅನುಮಾನಿಸಬೇಕಾದ್ದು ಥ್ರಾಟಲನ್ನು. ಅದು ಐಡಲ್‌ನಲ್ಲಿ ಇರಲೇಬೇಕು.

ಆಮೇಲೆ ಜಿ (ಗೇರ್, ಅಂದರೆ ಚಕ್ರ), ಎಫ್ (ಫ್ಲ್ಯಾಪ್, ಅಂದರೆ ರೆಕ್ಕೆಯ ಹಿಂಬದಿ ಇಳಿಯುವ ಹಲಗೆ), ಬಿ (ಏರ್‌ಬ್ರೇಕ್), ಡಬ್ಲ್ಯೂ ಹಿಡಿದುಕೊಂಡರೆ ಚಕ್ರದ ಬ್ರೇಕ್, ಪಿ ಒತ್ತಿದರೆ ಬಾಲದ ಪ್ಯಾರಾಶೂಟ್. ಇಲ್ಲಿ ಒಂದು ಒಳಗುಟ್ಟಿದೆ. ಜಿ, ಎಫ್, ಬಿ ಮೂರೂ ಟಾಗಲ್ ಕೀಗಳು: ಒಮ್ಮೆ ಒತ್ತಿದರೆ ಆ ಸ್ಥಿತಿ, ಇನ್ನೊಮ್ಮೆ ಒತ್ತಿದರೆ ಈ ಸ್ಥಿತಿ. ಗಡಿಬಿಡಿಯಲ್ಲಿ ಜಿ ಎರಡು ಸಲ ಒತ್ತಿ, ಚಕ್ರ ಇಳಿದಿದೆ ಅಂದುಕೊಂಡು ಹೊಟ್ಟೆ ಮೇಲೆ ಇಳಿಯುವುದು ಹೊಸಬರ ಮಾಮೂಲಿ ಕಥೆ. ಅದಕ್ಕೆ ಜೋಡಿ ಕೀಗಳನ್ನೇ ರೂಢಿಸಿಕೊಳ್ಳಿ. ಲೆಫ್ಟ್ ಶಿಫ್ಟ್ + ಜಿ ಎಂದರೆ ಗೇರ್ ಕೆಳಗೆ, ಲೆಫ್ಟ್ ಕಂಟ್ರೋಲ್ + ಜಿ ಎಂದರೆ ಮೇಲೆ. ಏರ್‌ಬ್ರೇಕ್‌ಗೂ ಇದೇ ನಿಯಮ: ಶಿಫ್ಟ್ ಜೊತೆ ತೆರೆಯುತ್ತದೆ, ಕಂಟ್ರೋಲ್ ಜೊತೆ ಮುಚ್ಚುತ್ತದೆ. ಫ್ಲ್ಯಾಪ್‌ಗೆ ಲೆಫ್ಟ್ ಶಿಫ್ಟ್ + ಎಫ್ ಲ್ಯಾಂಡಿಂಗ್ ಸ್ಥಿತಿ, ಲೆಫ್ಟ್ ಕಂಟ್ರೋಲ್ + ಎಫ್ ಪೂರ್ತಿ ಮೇಲೆ. ಶಿಫ್ಟ್ ಅಂದರೆ ಹೊರಗೆ, ಕಂಟ್ರೋಲ್ ಅಂದರೆ ಒಳಗೆ ಅಂತ ಇಟ್ಟುಕೊಂಡರೆ ಆರು ಕೀ ಒಂದೇ ಏಟಿಗೆ ಮುಗಿಯಿತು. ಎರಡು ಸಲ ಒತ್ತಿದರೂ ಏನೂ ಕೆಡುವುದಿಲ್ಲ.

ಎಚ್ಚರ: ಲೆಫ್ಟ್ ಕಂಟ್ರೋಲ್ + ಡಬ್ಲ್ಯೂ ಒತ್ತಿದರೆ ರೆಕ್ಕೆಯಡಿಯ ಆಯುಧ ಕಳಚಿ ಬೀಳುತ್ತದೆ. ಕ್ಯಾನಪಿ ಮುಚ್ಚಿದ ಬೆರಳು ಕಂಟ್ರೋಲ್ ಮೇಲೇ ಉಳಿದು, ಇನ್ನೊಂದು ಬೆರಳು ಬ್ರೇಕಿಗೆ ಹೋದರೆ ಮುಗಿಯಿತು. ಲೆಫ್ಟ್ ಕಂಟ್ರೋಲ್ + ಇ ಮೂರು ಸಲ ಒತ್ತಿದರೆ ಪೈಲಟ್ ಆಸನ ಸಮೇತ ಹೊರಗೆ. ಮೂರು ಸಲ ಅಂತ ಇಟ್ಟಿದ್ದಾರಲ್ಲ, ಪುಣ್ಯಾತ್ಮರು!

ನಂಬರ್‌ಲಾಕ್:
ಕೀ ಕೆಲಸ ಮಾಡದೆ ಇರುವ ವಿಷಯಕ್ಕೆ ಬರುತ್ತೇನೆ. ಅದು ಆಟದ ದೋಷವಲ್ಲ, ಕೀಬೋರ್ಡಿನದು. ಅಗ್ಗದ ಕೀಬೋರ್ಡು, ಲ್ಯಾಪ್‌ಟಾಪ್ ಕೀಬೋರ್ಡುಗಳಲ್ಲಿ ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ. ಅಡ್ಡ ಸಾಲು, ಉದ್ದ ಸಾಲುಗಳ ಜಾಲರಿ ಇರುತ್ತದೆ. ಒಂದು ಆಯತದ ಮೂರು ಮೂಲೆಯ ಕೀಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯದೂ ಒತ್ತಿದ ಹಾಗೆ ಕಾಣುತ್ತದೆ. ಆ ಗೊಂದಲ ಬೇಡವೆಂದು ಒಳಗಿನ ಚಿಪ್ ಮೂರನೆಯ ಕೀಯನ್ನೇ ತಡೆದುಬಿಡುತ್ತದೆ. ಶಿಫ್ಟ್, ಕಂಟ್ರೋಲ್, ಆಲ್ಟ್‌ಗಳನ್ನು ಸಾಮಾನ್ಯವಾಗಿ ಜಾಲರಿಯಲ್ಲಿ ಬೇರೆಯಾಗಿ ಜೋಡಿಸಿರುವುದರಿಂದ ಅವು ಸಿಕ್ಕಿಕೊಳ್ಳುವುದು ಕಡಿಮೆ. ಎರಡು ಬಾಣ + ಸ್ಪೇಸ್‌ನಂಥ ಕೂಟವೇ ಹೆಚ್ಚಾಗಿ ಕೈಕೊಡುವುದು.

ಪರೀಕ್ಷೆ ಸುಲಭ. ವಿಂಡೋಸ್ + ಕಂಟ್ರೋಲ್ + ಓ ಒತ್ತಿದರೆ ಪರದೆ ಮೇಲೆ ಕೀಬೋರ್ಡ್ ಬರುತ್ತದೆ. ನಿಮಗೆ ಬೇಕಾದ ಮೂರು ಕೀಗಳನ್ನು ಒತ್ತಿ ಹಿಡಿಯಿರಿ. ಪರದೆಯಲ್ಲಿ ಯಾವುದು ಬೆಳಗಲಿಲ್ಲವೋ ಅದು ಆಟಕ್ಕೂ ತಲುಪುತ್ತಿಲ್ಲ. ಪರಿಹಾರ: ಗನ್ ಟ್ರಿಗರ್ ಅನ್ನು (ಮೂಲದಲ್ಲಿ ಸ್ಪೇಸ್) ಮೌಸ್ ಬಟನ್ನಿಗೆ ಕೊಡಿ. ಕಂಟ್ರೋಲ್ಸ್ ಪುಟದಲ್ಲಿ ಕೀಬೋರ್ಡ್ ಪಕ್ಕ ಮೌಸ್‌ಗೂ ಒಂದು ಕಾಲಂ ಇದೆ. ಮೌಸ್ ಬೇರೆ ಸಾಧನವಾದ್ದರಿಂದ ಜಾಲರಿಯ ತಗಾದೆ ಅದಕ್ಕೆ ಅಂಟುವುದಿಲ್ಲ.

ವಿಂಡೋಸ್ ಕಾಟ ಇನ್ನೊಂದು. ಶಿಫ್ಟ್ ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಕಿಟಕಿ ಬರುತ್ತದೆ, ರೈಟ್ ಶಿಫ್ಟ್ 8 ಸೆಕೆಂಡ್ ಹಿಡಿದರೆ ಫಿಲ್ಟರ್ ಕೀಸ್. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ, ಕೀಬೋರ್ಡ್ ಭಾಗಕ್ಕೆ ಹೋಗಿ ಎರಡರ ಶಾರ್ಟ್‌ಕಟ್ಟನ್ನೂ ಆರಿಸಿ. ಕನ್ನಡ ಟೈಪಿಂಗ್ ಹಾಕಿಕೊಂಡಿದ್ದರೆ ಲೆಫ್ಟ್ ಆಲ್ಟ್ + ಶಿಫ್ಟ್ ಭಾಷೆ ಬದಲಿಸುತ್ತದೆ. ಹಾರಾಟದ ನಡುವೆ ಅದು ಬೇಡ. ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್‌ನಲ್ಲಿ ಅದನ್ನು ತೆಗೆದುಹಾಕಿ. ಇಂಗ್ಲಿಷ್ (ಇಂಡಿಯಾ) ವಿನ್ಯಾಸದಲ್ಲಿ ರೈಟ್ ಆಲ್ಟ್ + 4 ರೂಪಾಯಿ ಚಿಹ್ನೆ ಕೊಡುತ್ತದಲ್ಲ, ಅಂದರೆ ಅಲ್ಲಿ ರೈಟ್ ಆಲ್ಟ್ ಮಾಮೂಲಿ ಆಲ್ಟ್ ಅಲ್ಲ. ರೈಟ್ ಆಲ್ಟ್ ಕೂಟಗಳು ಹಿಡಿಯುತ್ತಿಲ್ಲ ಅಂದರೆ ಇಂಗ್ಲಿಷ್ (ಯುಎಸ್) ವಿನ್ಯಾಸಕ್ಕೆ ಬದಲಾಯಿಸಿ ನೋಡಿ.

ಆಲ್ಟ್ + ಟ್ಯಾಬ್ ಒತ್ತಿ ಹೊರಗೆ ಹೋಗಿ ಬಂದ ಮೇಲೆ ಯಾವ ಕೀಯೂ ಸರಿಯಾಗಿ ಕೆಲಸ ಮಾಡದಿದ್ದರೆ, ಆಲ್ಟ್ ಇನ್ನೂ ಒತ್ತಿಯೇ ಇದೆ ಅಂತ ಆಟ ತಿಳಿದುಕೊಂಡಿದೆ ಎಂದರ್ಥ. ಎರಡೂ ಬದಿಯ ಆಲ್ಟ್, ಕಂಟ್ರೋಲ್, ಶಿಫ್ಟ್ ಒಂದೊಂದು ಸಲ ತಟ್ಟಿ ಬಿಡಿ.

ಮಧ್ಯಮಾವತಿ:
ಕೆಲಸ ಶುರುವಾಗುವ ಮೊದಲೇ ಎಲ್ಲ ಕೀ ಬದಲಿಸಿಕೊಳ್ಳಿ, ನಿಮ್ಮ ಕೈಗೆ ಒಗ್ಗುವ ಹಾಗೆ. ಲ್ಯಾಪ್‌ಟಾಪ್‌ನಲ್ಲಿ ಮೂಲ ವಿನ್ಯಾಸ ಇಟ್ಟುಕೊಂಡು ಒದ್ದಾಡುವುದರಲ್ಲಿ ಅರ್ಥವಿಲ್ಲ.

ಟ್ಯಾಕ್ಸಿವೇ:
ಒಪ್ಪುವುದಿಲ್ಲ ಮಾರಾಯ್ರೆ. ಆಟದೊಳಗಿನ ತರಬೇತಿ ಪಾಠಗಳು, ಬೇರೆಯವರ ವಿವರಣೆಗಳು ಎಲ್ಲ ಮೂಲ ಕೀಗಳನ್ನೇ ಹೇಳುತ್ತವೆ. ಎಲ್ಲ ಬದಲಿಸಿದರೆ ಪಾಠ ಒಂದು ದಿಕ್ಕು, ಕೈ ಇನ್ನೊಂದು ದಿಕ್ಕು. ಕೈಗೆ ಎಟುಕದ ನಾಲ್ಕಾರು ಮಾತ್ರ ಬದಲಿಸಿ: ಥ್ರಾಟಲ್, ಪಾಸ್ (ಆಟ ತಡೆದು ನಿಲ್ಲಿಸುವ Pause ಕೀ), ಟ್ರಿಗರ್, ಹೋಮ್/ಎಂಡ್ ಕೂಟಗಳು.

ಬದಲಿಸುವಾಗ ಮೇಲಿನ ಪಟ್ಟಿಯಲ್ಲಿ ಸು-25ಟಿ ಆಯ್ದಿದ್ದೀರಾ ನೋಡಿ. ಪ್ರತಿ ವಿಮಾನಕ್ಕೂ ಬೇರೆ ಬೇರೆ ವಿನ್ಯಾಸ ಉಳಿಯುತ್ತದೆ. ಕಷ್ಟಪಟ್ಟು ಹೊಂದಿಸಿದ್ದು ಇನ್ನೊಂದು ವಿಮಾನವಾದ ಟಿಎಫ್-51ಡಿಯಲ್ಲಿ ಕಾಣಲಿಲ್ಲ ಅಂತ ಗಾಬರಿಯಾಗುವವರೇ ಹೆಚ್ಚು. ಬೇಕಾದ ಚೌಕದ ಮೇಲೆ ಎರಡು ಸಲ ಕ್ಲಿಕ್ ಮಾಡಿ ಹೊಸ ಕೀ ಒತ್ತಿದರೆ, ಅದು ಈಗಾಗಲೇ ಯಾವ ಕೆಲಸಕ್ಕಿದೆ ಎಂದು ಅಲ್ಲೇ ತೋರಿಸುತ್ತದೆ. ಅದನ್ನು ಓದದೆ ಓಕೆ ಒತ್ತಬೇಡಿ. ಮುಗಿದ ಮೇಲೆ ‘ಮೇಕ್ ಎಚ್‌ಟಿಎಂಎಲ್’ ಒತ್ತಿದರೆ ಪೂರ್ತಿ ಪಟ್ಟಿ ಫೈಲಾಗಿ ಸಿಗುತ್ತದೆ, ಬೇಕಾದಷ್ಟು ಪ್ರಿಂಟ್ ತೆಗೆದು ಮುಂದೆ ಅಂಟಿಸಿ. ನಿಮ್ಮ ಬದಲಾವಣೆಗಳು ಸೇವ್ಡ್ ಗೇಮ್ಸ್, ಡಿಸಿಎಸ್, ಕಾನ್ಫಿಗ್, ಇನ್‌ಪುಟ್ ಫೋಲ್ಡರಿನಲ್ಲಿ ಇರುತ್ತವೆ. ವಿಂಡೋಸ್ ಮರುಸ್ಥಾಪಿಸುವ ಮುನ್ನ ಅದರ ನಕಲು ತೆಗೆದಿಡಿ.

ಬಾಲಂಗೋಚಿ:
ತುಂಬಾ ಧನ್ಯವಾದ. ಥ್ರಾಟಲ್‌ಗೆ ಮೈನಸ್ ಮತ್ತು ಈಕ್ವಲ್ ಕೀ ಕೊಡಬಹುದಾ? ಓಲಾಡುವುದಕ್ಕೂ ಏನಾದರೂ ಹೇಳಿ.

ನಂಬರ್‌ಲಾಕ್:
ಕೊಡಬೇಡಿ. ಆ ಎರಡು ಮುಂದೆ ಶ್ಕ್ವಾಲ್ ಎಂಬ ಗುರಿ ಹುಡುಕುವ ಕ್ಯಾಮೆರಾದ ಜೂಮ್‌ಗೆ ಬೇಕಾಗುತ್ತವೆ. ಮೂಲದಲ್ಲಿ ಥ್ರಾಟಲ್ ನಂಬರ್ ಪ್ಯಾಡಿನ ಪ್ಲಸ್, ಮೈನಸ್; ಅದಲ್ಲದೆ ಪೇಜ್ ಅಪ್, ಪೇಜ್ ಡೌನ್ ಹಂತ ಹಂತವಾಗಿ ಏರಿಸಿ ಇಳಿಸುತ್ತವೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪೇಜ್ ಅಪ್ ಬೇರೆಯೇ ಕೀ ಆಗಿದ್ದರೆ ಹಾಗೇ ಬಿಡಿ. ಎಫ್‌ಎನ್ ಹಿಡಿದು ಬಾಣ ಒತ್ತಬೇಕು ಅಂದರೆ ಮಾತ್ರ ಬದಲಿಸಿ, ಇಲ್ಲದಿದ್ದರೆ ಇಳಿಯುವಾಗ ಮೂತಿ ಮತ್ತು ವೇಗ ಎರಡನ್ನೂ ಒಂದೇ ಕೈ ನೋಡಬೇಕಾಗುತ್ತದೆ. ಸುತ್ತ ನೋಡುವುದಕ್ಕೆ ನಂಬರ್ ಪ್ಯಾಡ್ ಬೇಕಿಲ್ಲ, ಮೌಸ್ ಸಾಕು.

ರಡ್ಡರ್:
ಓಲಾಟಕ್ಕೆ ಕಾರಣ: ಬಾಣದ ಕೀಗೆ ಅರ್ಧ ಒತ್ತುವುದು ಅಂತ ಇಲ್ಲ. ಹಿಡಿದಷ್ಟು ಹೊತ್ತು ಸ್ಟಿಕ್ (ವಿಮಾನ ಓಡಿಸುವ ಹಿಡಿಕೆ) ತುದಿಯ ಕಡೆಗೆ ಸರಿಯುತ್ತಲೇ ಹೋಗುತ್ತದೆ. ರೈಟ್ ಕಂಟ್ರೋಲ್ + ಎಂಟರ್ ಒತ್ತಿ. ಸ್ಟಿಕ್, ರಡ್ಡರ್ (ಬಾಲದ ಚುಕ್ಕಾಣಿ), ಥ್ರಾಟಲ್ ಎಲ್ಲಿವೆ ಎಂದು ತೋರಿಸುವ ಪುಟ್ಟ ಚೌಕ ಪರದೆಯ ಮೂಲೆಯಲ್ಲಿ ಬರುತ್ತದೆ. ಮೊದಲ ವಾರ ಅದು ತೆರೆದೇ ಇರಲಿ.

ಕೀಯನ್ನು ಹಿಡಿಯಬೇಡಿ, ತಟ್ಟಿ. ತಟ್ಟಿ ಬಿಟ್ಟು, ವಿಮಾನ ಏನು ಮಾಡುತ್ತದೆ ನೋಡಿ, ಆಮೇಲೆ ಇನ್ನೊಂದು ತಟ್ಟು. ತಿರುವಿನಿಂದ ನೇರ ಆಗುವಾಗ ರೆಕ್ಕೆ ಸಮ ಆಗುವುದಕ್ಕೆ ಸ್ವಲ್ಪ ಮೊದಲೇ ಕೈ ತೆಗೆಯಬೇಕು. ಸಮ ಆದ ಮೇಲೆ ತೆಗೆದರೆ ಆಚೆ ಬದಿಗೆ ವಾಲಿರುತ್ತದೆ. ಅದನ್ನು ಸರಿಪಡಿಸಲು ಹೋಗಿ ಈಚೆ ಬದಿಗೆ. ನೀವು ಹೇಳುವ ಕುಡುಕನ ನಡಿಗೆ ಇದೇ. ಕೆಳಗಿನ ಬಾಣ ಮೂತಿ ಎತ್ತುತ್ತದೆ, ಮೇಲಿನ ಬಾಣ ಇಳಿಸುತ್ತದೆ ಎಂಬುದನ್ನೂ ಮರೆಯಬೇಡಿ.

ಕೀಬೋರ್ಡಿನಲ್ಲಿ ಹಾರಿಸುವವರ ನಿಜವಾದ ಬಲ ಟ್ರಿಮ್. ವೇಗ ಬದಲಾದಾಗ, ಫ್ಲ್ಯಾಪ್ ಇಳಿದಾಗ ಮೂತಿ ತಾನಾಗಿ ಏಳುತ್ತದೆ ಅಥವಾ ಬೀಳುತ್ತದೆ. ಅದಕ್ಕೆ ಬಾಣ ಒತ್ತುತ್ತಾ ಕೂರುವ ಬದಲು ರೈಟ್ ಕಂಟ್ರೋಲ್ ಹಿಡಿದು ಫುಲ್‌ಸ್ಟಾಪ್ ಕೀ ತಟ್ಟಿದರೆ ಮೂತಿ ಮೇಲೆ, ಸೆಮಿಕೋಲನ್ ತಟ್ಟಿದರೆ ಕೆಳಗೆ. ಕಾಮಾ ಎಡ ರೆಕ್ಕೆಗೆ, ಸ್ಲ್ಯಾಶ್ ಬಲ ರೆಕ್ಕೆಗೆ. ಒಂದೊಂದೇ ತಟ್ಟಿ, ಎರಡು ಸೆಕೆಂಡ್ ಕಾಯಿರಿ. ಕೈ ಬಿಟ್ಟರೂ ವಿಮಾನ ನೆಟ್ಟಗೆ ಹೋಗುವವರೆಗೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ. ಎಲ್ಲ ಕೆಟ್ಟುಹೋದರೆ ಲೆಫ್ಟ್ ಕಂಟ್ರೋಲ್ + ಟಿ ಟ್ರಿಮ್ಮನ್ನು ಸೊನ್ನೆಗೆ ತರುತ್ತದೆ. ನೆಲದ ಹತ್ತಿರ ಮಾತ್ರ ಅದನ್ನು ಒತ್ತಬೇಡಿ, ಮೂತಿ ಧಡಕ್ಕನೆ ಜಗ್ಗಬಹುದು. ದಿಕ್ಕು ತಪ್ಪಿದಾಗ ಲೆಫ್ಟ್ ಆಲ್ಟ್ + 3 ಒತ್ತಿದರೆ ಆಟೋಪೈಲಟ್ ವಿಮಾನವನ್ನು ಸಮ ಮಾಡುತ್ತದೆ, ಲೆಫ್ಟ್ ಆಲ್ಟ್ + 9 ಅದನ್ನು ಬಿಡಿಸುತ್ತದೆ.

ಬಾಲಂಗೋಚಿ:
ಕೊನೆಯದಾಗಿ, ಕ್ಷಿಪಣಿ ಹಾರಿಸುವ ಕ್ರಮ?

ಟ್ಯಾಕ್ಸಿವೇ:
ಟ್ರಿಮ್‌ನ ಅದೇ ನಾಲ್ಕು ಕೀ ಇಲ್ಲೂ ಬರುತ್ತವೆ, ಅದಕ್ಕೇ ರಡ್ಡರ್ ಹೇಳಿದ್ದನ್ನು ಮೊದಲು ಕಲಿಯಿರಿ. ವಿಮಾನ ಟ್ರಿಮ್ ಆಗಿ, ಮೂತಿ ಗುರಿಯ ಕಡೆ ಇರಲಿ. 7 ಒತ್ತಿದರೆ ನೆಲದ ಗುರಿಯ ಮೋಡ್. ಓ ಒತ್ತಿದರೆ ಶ್ಕ್ವಾಲ್ ಟಿವಿ ಬೆಳಗುತ್ತದೆ. ಡಿ ಒತ್ತುತ್ತಾ ವಿಖರ್ ಕ್ಷಿಪಣಿ ಬರುವವರೆಗೆ ಆಯುಧ ಬದಲಿಸಿ. ರೈಟ್ ಶಿಫ್ಟ್ + ಓ ಒತ್ತಿ ಲೇಸರ್ ಹಚ್ಚಿ. ಸೆಮಿಕೋಲನ್, ಫುಲ್‌ಸ್ಟಾಪ್, ಕಾಮಾ, ಸ್ಲ್ಯಾಶ್ ಕ್ಯಾಮೆರಾವನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಸರಿಸುತ್ತವೆ. ಈಕ್ವಲ್ ಒತ್ತಿ ಜೂಮ್ ಮಾಡಿ, ಗುರಿ ಚೌಕದೊಳಗೆ ಬಂದಾಗ ಎಂಟರ್ ಒತ್ತಿ ಲಾಕ್ ಮಾಡಿ. ಹಡ್ (ಪೈಲಟ್ ಮುಂದಿನ ಪಾರದರ್ಶಕ ಪರದೆ) ಮೇಲೆ ಉಡಾವಣೆಗೆ ಅನುಮತಿಯ ಗುರುತು ಬಂದ ಮೇಲೆ ರೈಟ್ ಆಲ್ಟ್ + ಸ್ಪೇಸ್. ಗುರುತು ಬರುವ ಮೊದಲು ಎಷ್ಟು ಒತ್ತಿದರೂ ಕ್ಷಿಪಣಿ ಹೋಗುವುದಿಲ್ಲ. ಕೀ ಕೆಟ್ಟಿದೆ ಅಂದುಕೊಳ್ಳಬೇಡಿ.

ವಿಖರ್ ಲೇಸರ್ ಕಿರಣದ ಮೇಲೆ ಸವಾರಿ ಮಾಡುತ್ತಾ ಹೋಗುವ ಕ್ಷಿಪಣಿ. ಅದು ತಾಗುವವರೆಗೆ ಲಾಕ್ ಬಿಡಬಾರದು, ಮೂತಿ ತುಂಬಾ ತಿರುಗಿಸಬಾರದು. ತಾಗಿದ ಕೂಡಲೇ ಲೇಸರ್ ಆರಿಸಿ. ಸುಮ್ಮನೆ ಉರಿಯಲು ಬಿಟ್ಟರೆ ಕಾದು, ತಣ್ಣಗಾಗುವವರೆಗೆ ಮತ್ತೆ ಹತ್ತುವುದಿಲ್ಲ. ಅಷ್ಟರಲ್ಲಿ ಶತ್ರುವಿನ ಕ್ಷಿಪಣಿ ಬಂದರೆ ಡಿಲೀಟ್ ಒತ್ತಿದರೆ ಫ್ಲೇರ್ (ಶಾಖ ಹುಡುಕುವ ಕ್ಷಿಪಣಿಯ ದಾರಿ ತಪ್ಪಿಸುವ ಉರಿ), ಇನ್ಸರ್ಟ್ ಒತ್ತಿದರೆ ಚಾಫ್ (ರಾಡಾರಿನ ದಾರಿ ತಪ್ಪಿಸುವ ಲೋಹದ ಚೂರು). ಲ್ಯಾಪ್‌ಟಾಪ್‌ನಲ್ಲಿ ಅವು ಮೂಲೆಯಲ್ಲಿರುತ್ತವೆ, ಹುಡುಕುತ್ತಾ ಕೂರುವ ಹೊತ್ತಲ್ಲ ಅದು. ಕ್ಯೂ ಒಂದೇ ಒತ್ತಿದರೆ ಎರಡೂ ಬಿಡುತ್ತಾ ಹೋಗುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ.

ಇಡೀ ಕ್ರಮವನ್ನು ಆಕ್ಟಿವ್ ಪಾಸ್ ಹಾಕಿ ಅಭ್ಯಾಸ ಮಾಡಿ: ಲೆಫ್ಟ್ ಶಿಫ್ಟ್ + ಲೆಫ್ಟ್ ವಿಂಡೋಸ್ + ಪಾಸ್. ವಿಮಾನ ಗಾಳಿಯಲ್ಲೇ ನಿಲ್ಲುತ್ತದೆ, ಆದರೆ ಒಳಗಿನ ಉಪಕರಣಗಳು ಕೆಲಸ ಮಾಡುತ್ತಲೇ ಇರುತ್ತವೆ. ಕೈ ಕೂತ ಮೇಲೆ ಪಾಸ್ ಬಿಟ್ಟು, ಲೆಫ್ಟ್ ಆಲ್ಟ್ + ಝಡ್ ಒತ್ತಿ ಕಾಲ ನಿಧಾನ ಮಾಡಿಕೊಂಡು ಇನ್ನೊಮ್ಮೆ. ಮಾಮೂಲಿ ವೇಗಕ್ಕೆ ಲೆಫ್ಟ್ ಶಿಫ್ಟ್ + ಝಡ್. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪಾಸ್ ಕೀ ಇಲ್ಲದಿದ್ದರೆ ಮೊದಲು ಬದಲಿಸಬೇಕಾದ್ದು ಇದನ್ನೇ.